ಮನೆಗೆ ಹೋಗದ ಕುಡುಕ

ನಮ್ಮ ಹೊರನಾಡ ಸಂಘ ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಇಬ್ಬರು ತಪ್ಪದೆ ವೇದಿಕೆಗೆ ಬರುತ್ತಾರೆ. ಒಬ್ಬರು ವರದಿ ಓದುವ ಕಾರ್ಯದರ್ಶಿಗಳು. ಇನ್ನೊಬ್ಬ ಪ್ರಹಸನದ ಕುಡುಕ. ಕಾರ್ಯದರ್ಶಿಗಳು ಬಂದೊಡನೆ ಸಭಿಕರು ಚಹಾ ಕುಡಿಯಲು ಹೊರಗೆ ಹೋಗುತ್ತಾರೆ. ಕುಡುಕ ಬಂದನೆಂದು ತಿಳಿದೊಡನೆ ಲೋಟ ಕೆಳಗಿಟ್ಟು ಒಳಗೆ ಓಡಿ ಬರುತ್ತಾರೆ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಕೈಯಲ್ಲಿ ಖಾಲಿ ಬಾಟಲಿ ಹಿಡಿದು, ದೀಪದ ಕಂಬಕ್ಕೆ ನಮಸ್ಕಾರ ಮಾಡುವ ಆ ಮಹಾಶಯನಿಗೆ ಬೀಳುವಷ್ಟು ಚಪ್ಪಾಳೆ ಅಂದಿನ ಸನ್ಮಾನಿತರಿಗೂ ಬೀಳುವುದಿಲ್ಲ. ಆ ಚಪ್ಪಾಳೆಯ ವಿರುದ್ಧ ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ. ನಗುವಿನ ಶತ್ರು ಎಂಬ ಬಿರುದು ಬಂದರೂ ಬರಲಿ.

ವೇದಿಕೆಯ ಕುಡುಕನಾದರೂ ವರ್ಷಕ್ಕೊಮ್ಮೆ ಬಂದು ಹದಿನೈದು ನಿಮಿಷದಲ್ಲಿ ಪರದೆಯ ಹಿಂದೆ ಸರಿಯುತ್ತಾನೆ. ಟೆಲಿವಿಷನ್ನಿನ ಕುಡುಕ ಹಾಗಲ್ಲ. ಅವನು ವಾರವಾರವೂ ಬರುತ್ತಾನೆ. ಅವನನ್ನು ಹಿಡಿದು ಶೇಖರಿಸುವ ಉದ್ಯಮವೂ ಬೆಳೆಯಿತು. ಹತ್ತಾರು ಧಾರಾವಾಹಿ, ನಗೆಕೂಟ, ಚಲನಚಿತ್ರಗಳಿಂದ ಅಮಲಿನ ದೃಶ್ಯಗಳನ್ನಷ್ಟೇ ಹೆಕ್ಕಿ ತೆಗೆದು, ಒಂದೇ ಡಿಸ್ಕಿನಲ್ಲಿ ಕೂಡಿಸಿ, ‘ಹೊಟ್ಟೆ ಹುಣ್ಣಾಗುವಷ್ಟು ನಗು’ ಎಂದು ಮಾರುವ ಪದ್ಧತಿ ಅದು. ಪಶ್ಚಿಮ ದೇಶಗಳಲ್ಲಿ ಗಾಂಜಾ, ಕೊಕೇನುಗಳ ಹಾಸ್ಯಕ್ಕೇ ಮೀಸಲಾದ ಇಂಥ ಸಂಕಲನಗಳು ಬಂದವು. ನಮ್ಮಲ್ಲಿ ಹೆಂಡಕ್ಕೆ ಅಗ್ರಸ್ಥಾನ, ಹೋಳಿಯ ಹೊತ್ತಿಗೆ ಭಂಗಿಗೆ ಎರಡನೆಯ ಸ್ಥಾನ. ಈಗ ಡಿಸ್ಕು ಮೂಲೆ ಸೇರಿದೆ. ಸಂಕಲನ ಮಾತ್ರ ಮೊಬೈಲಿಗೆ ಏರಿ ಕುಳಿತಿದೆ. ಬೆಳಿಗ್ಗೆ ದೇವರ ಪಟ, ಸಂಜೆ ಕುಡುಕನ ಪಟ: ನಮ್ಮ ಎಷ್ಟೋ ಕುಟುಂಬಗಳ ವಾಟ್ಸಾಪ್ ಬಳಗದ ನಿತ್ಯವಿಧಿ ಇದು. ಅಜ್ಜನೂ ನೋಡುತ್ತಾನೆ, ಆರು ವರ್ಷದ ಮೊಮ್ಮಗನೂ ನೋಡುತ್ತಾನೆ.

ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪಿರುವುದು ನಗುವಿನಲ್ಲಲ್ಲ, ಕತ್ತರಿಯಲ್ಲಿ. ಒಂದು ಪೂರ್ಣ ನಾಟಕದಲ್ಲಿ ಅಥವಾ ಕಥೆಯಲ್ಲಿ ಕುಡುಕ ಗಡಂಗಿನಿಂದ ಹೊರಟನೆಂದರೆ ಎಷ್ಟು ಹೊತ್ತಿಗಾದರೂ ಮನೆ ಸೇರಲೇಬೇಕು. ಅಲ್ಲಿ ಬಾಗಿಲು ತೆರೆಯುವವಳು ಒಬ್ಬಳಿರಬೇಕು. ಅವಳ ಹಿಂದೆ ನಿದ್ದೆ ಹೋದಂತೆ ನಟಿಸುತ್ತ ಮಲಗಿರುವ ಮಕ್ಕಳಿರಬೇಕು. ಸಂಕಲನಕಾರನ ಕತ್ತರಿ ಮೊದಲು ಕತ್ತರಿಸುವುದು ಈ ಬಾಗಿಲನ್ನೇ. ಏಕೆಂದರೆ ಅಲ್ಲಿ ನಗು ಇಲ್ಲ. ಆದ್ದರಿಂದ ಸಂಕಲನದ ಕುಡುಕ ಎಂದಿಗೂ ಮನೆಗೆ ಹೋಗುವುದಿಲ್ಲ. ಎರಡು ಗಂಟೆ ಬೀದಿಯಲ್ಲೇ ತೂರಾಡುತ್ತಾನೆ. ಅವನ ಸಂಬಳ ಮುಗಿಯುವುದಿಲ್ಲ, ಯಕೃತ್ತು ಕೆಡುವುದಿಲ್ಲ, ಮಗಳ ಶಾಲೆಯ ಫೀಸು ಬಾಕಿಯಾಗುವುದಿಲ್ಲ, ಹೆಂಡತಿಯ ಕರಿಮಣಿ ಗಿರವಿಗೆ ಹೋಗುವುದಿಲ್ಲ. ಇಂಥ ಕುಡುಕ ಭೂಲೋಕದಲ್ಲಿ ಇದ್ದಾನೆಯೇ? ಇಲ್ಲದವನನ್ನು ಇದ್ದಾನೆಂದು ತೋರಿಸುವುದು ಹಾಸ್ಯವಲ್ಲ, ಅದು ಸುಳ್ಳು ಜಾಹೀರಾತು.

ಜಾಹೀರಾತು ಎಂಬ ಮಾತನ್ನು ಸುಮ್ಮನೆ ಬಳಸಿದ್ದಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳು ಮದ್ಯದ ಜಾಹೀರಾತನ್ನು ಒಪ್ಪುವುದಿಲ್ಲ. ಆಗ ಮದ್ಯದ ಕಂಪನಿಗಳು ಏನು ಮಾಡಿದವು? ಅದೇ ಹೆಸರಿನಲ್ಲಿ ಸೋಡಾ ಹೊರಡಿಸಿದವು, ಕುಡಿಯುವ ನೀರು ಹೊರಡಿಸಿದವು, ಕೊನೆಗೆ ಹಾಡಿನ ಕ್ಯಾಸೆಟ್ಟು, ಸಿ.ಡಿ.ಗಳನ್ನೂ ಹೊರಡಿಸಿ ಅವನ್ನು ಜಾಹೀರು ಮಾಡಿದವು. ಡಿಸ್ಕಿನ ನೆಪದಲ್ಲಿ ಬಾಟಲಿಯ ಹೆಸರು ಮನೆಮನೆಗೆ ಹೋಯಿತು. ಇದಕ್ಕೆ ಕಂಪನಿಗಳು ಕೋಟಿಗಟ್ಟಲೆ ಹಣ ಸುರಿಯಬೇಕಾಯಿತು. ನಾವಾದರೋ ಒಂದು ಕಾಸೂ ಪಡೆಯದೆ, ನಮ್ಮದೇ ವೇದಿಕೆಯಲ್ಲಿ, ನಮ್ಮದೇ ಮೈಕಿನಲ್ಲಿ ಅವುಗಳ ಕೆಲಸ ಮಾಡಿಕೊಡುತ್ತಿದ್ದೇವೆ.

ಸಾಹಿತ್ಯ ಬಲ್ಲ ಮಿತ್ರರು ಇಲ್ಲಿ ಥಟ್ಟನೆ ಒಂದು ಆಕ್ಷೇಪ ಎತ್ತಬಹುದು. ‘ಹಾಗಾದರೆ ಜಿ. ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನನನ್ನು ಏನು ಮಾಡುತ್ತೀರಿ? ಅವನನ್ನೂ ಕನ್ನಡದಿಂದ ಗಡೀಪಾರು ಮಾಡುತ್ತೀರಾ?’ ಒಳ್ಳೆಯ ಪ್ರಶ್ನೆ. 1930ರ ದಶಕದಲ್ಲಿ ಹುಟ್ಟಿದ ರತ್ನನನ್ನು ಮೈಸೂರು ಅನಂತಸ್ವಾಮಿಯವರ ಕಂಠ ನಾಡಿನ ಮೂಲೆಮೂಲೆಗೆ ಒಯ್ಯಿತು. ಅವನನ್ನು ಹಾಡದ ಕನ್ನಡ ಸಂಘ ಮುಂಬಯಿಯಲ್ಲಿ ಇದ್ದೀತೇ? ಆದರೆ ರತ್ನನನ್ನು ಒಮ್ಮೆ ಪೂರ್ತಿಯಾಗಿ ಓದಿ ನೋಡಿ. ಅವನಿಗೆ ಮನೆಯಿದೆ. ಮನೆಯಲ್ಲಿ ನಂಜಿ ಇದ್ದಾಳೆ. ಅವನ ಮಾತು ಹೆಂಡದ ಬುಂಡೆಯ ಸುತ್ತ ಸುತ್ತಿ ಮತ್ತೆ ಮತ್ತೆ ಅವಳ ಬಳಿಗೇ ಬರುತ್ತದೆ. ಅವನ ಬಡತನ, ಅವನ ಪ್ರೀತಿ, ಅವನ ಕನ್ನಡದ ಅಭಿಮಾನ ಎಲ್ಲವೂ ಅಲ್ಲಿವೆ. ತಾವು ಹೆಂಡ ಮುಟ್ಟದ, ಮಕ್ಕಳಿಗಾಗಿ ಪದ್ಯ ಬರೆದು ಶಿಶುಸಾಹಿತ್ಯಕ್ಕೆ ಹೆಸರಾದ ಕವಿಯೊಬ್ಬರು ಕುಡುಕನೊಳಗೆ ಮನುಷ್ಯನನ್ನು ಕಂಡ ಬಗೆ ಅದು. ರತ್ನನೊಡನೆ ನಾವು ನಗುತ್ತೇವೆ. ಸಂಕಲನದ ಕುಡುಕನನ್ನು ನೋಡಿ ನಗುತ್ತೇವೆ. ಈ ಎರಡು ನಗುವಿಗೆ ಅಜಗಜಾಂತರ. ರತ್ನನ ಹೆಸರು ಹೇಳಿ ಬಾಟಲಿ ಹಿಡಿದು ಉರುಳಾಡುವವರು ರಾಜರತ್ನಂ ಅವರಿಗೆ ಮಾಡುವುದು ಗೌರವವಲ್ಲ.

ಇನ್ನು ನಮ್ಮ ಈ ಮುಂಬಯಿಯ ಮಾತು. ಇಡೀ ದೇಶಕ್ಕೆ ನಗಿಸುವ ಕುಡುಕನನ್ನು ಸರಬರಾಜು ಮಾಡಿದ ಊರು ಇದು. ಬೆಸ್ಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಬದ್ರುದ್ದೀನ್ ಕಾಜಿ ಎಂಬವರನ್ನು ನಟ ಬಲರಾಜ್ ಸಾಹ್ನಿ ಗುರುತಿಸಿದರು. ಅವರು ಗುರುದತ್ತರ ಮುಂದೆ ಕುಡುಕನಂತೆ ನಟಿಸಿ ತೋರಿಸಿ 1951ರ ‘ಬಾಜಿ’ ಚಿತ್ರದಲ್ಲಿ ಪಾತ್ರ ಪಡೆದರು. ಒಂದು ವಿಸ್ಕಿಯ ಹೆಸರೇ ಅವರ ಹೆಸರಾಯಿತು: ಜಾನಿ ವಾಕರ್. ನಿಜಜೀವನದಲ್ಲಿ ಅವರು ಮದ್ಯ ಮುಟ್ಟದವರು. ಆದರೆ ಅವರನ್ನು ಬೆಳ್ಳಿತೆರೆಗೆ ತಂದ ಗುರುದತ್ತ್? 1964ರ ಅಕ್ಟೋಬರಿನಲ್ಲಿ, 39ನೆಯ ವಯಸ್ಸಿನಲ್ಲಿ, ಇದೇ ನಗರದ ಪೆಡ್ಡರ್ ರೋಡಿನ ಮನೆಯಲ್ಲಿ ಮದ್ಯ ಮತ್ತು ನಿದ್ದೆಗುಳಿಗೆ ಎರಡೂ ಸೇರಿ ಅವರ ಪ್ರಾಣ ತೆಗೆದವು. ಅವರು ನಿರ್ಮಿಸಿದ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರದಲ್ಲಿ ಕುಡಿತಕ್ಕೆ ಬಲಿಯಾದ ಹೆಣ್ಣಿನ ಪಾತ್ರ ಮಾಡಿದ ಮೀನಾಕುಮಾರಿ 1972ರ ಮಾರ್ಚಿಯಲ್ಲಿ ಯಕೃತ್ತು ಕೆಟ್ಟು ಅಸುನೀಗಿದಾಗ ಅವರಿಗೆ 38 ವರ್ಷ. ಎಪ್ಪತ್ತರ ದಶಕದಲ್ಲಿ ತೆರೆಯ ಕುಡುಕನೆಂದರೆ ಕೇಷ್ಟೋ ಮುಖರ್ಜಿ. ಅವರು ಋತ್ವಿಕ್ ಘಟಕರ ‘ಅಜಾಂತ್ರಿಕ್’ ಚಿತ್ರದಲ್ಲಿ ನಟಿಸಿದ್ದ ಪ್ರತಿಭಾವಂತರು. ಹಿಂದಿ ಚಿತ್ರರಂಗ ಅವರಿಂದ ಮತ್ತೆ ಮತ್ತೆ ಬಯಸಿದ್ದು ಒಂದು ಬಿಕ್ಕಳಿಕೆಯನ್ನು. ಆ ಘಟಕರಾದರೂ ಕುಡಿತದಿಂದ ಜರ್ಝರಿತರಾಗಿ 1976ರಲ್ಲಿ ಐವತ್ತು ವರ್ಷಕ್ಕೇ ತೀರಿಕೊಂಡರು. ಈ ಸಾವುಗಳು ಯಾವ ನಗೆ ಸಂಕಲನದಲ್ಲಿ ಸಿಕ್ಕುತ್ತವೆ? ಬಿಕ್ಕಳಿಕೆ ಸಿಕ್ಕುತ್ತದೆ, ಅಷ್ಟೇ.

ದೂರದ ಅಮೆರಿಕದ ಕಥೆಯೂ ಬೇರೆಯಲ್ಲ. ಅಲ್ಲಿ ‘ಸಾಟರ್ಡೇ ನೈಟ್ ಲೈವ್’ ಎಂಬ ಟೆಲಿವಿಷನ್ ನಗೆ ಕಾರ್ಯಕ್ರಮ 1975ರಿಂದ ನಡೆದುಬಂದಿದೆ. ಅದರ ಮೊದಲ ತಂಡದ ಜಾನ್ ಬೆಲೂಷಿ 1982ರಲ್ಲಿ ಹೆರಾಯಿನ್ ಮತ್ತು ಕೊಕೇನ್ ಚುಚ್ಚಿಕೊಂಡು ಸತ್ತರು. ಅದೇ ಕಾರ್ಯಕ್ರಮದಲ್ಲಿ ಹೆಸರು ಮಾಡಿದ ಕ್ರಿಸ್ ಫಾರ್ಲಿ 1997ರಲ್ಲಿ ಕೊಕೇನ್ ಮತ್ತು ಮಾರ್ಫಿನ್‌ಗೆ ಬಲಿಯಾದರು. ಇಬ್ಬರಿಗೂ ವಯಸ್ಸು 33. ಇಬ್ಬರ ನಗೆ ತುಣುಕುಗಳ ಸಂಕಲನಗಳೂ ಅವರ ಹೆಸರಿನಲ್ಲೇ ಮಾರಾಟಕ್ಕೆ ಬಂದವು. ನಗಿಸಿದವನು ಮಣ್ಣಾದ, ನಗು ಅಂಗಡಿಯಲ್ಲಿ ಉಳಿಯಿತು. ಅಮಲನ್ನು ತಮಾಷೆ ಮಾಡುವವರಿಗೇ ಅಮಲು ತಮಾಷೆ ಮಾಡಿಬಿಟ್ಟಿದೆ ಎಂದಮೇಲೆ ನೋಡುವವರ ಪಾಡೇನು?

ಮತ್ತೆ ನಮ್ಮ ಕಡೆಗೆ ಬರೋಣ. ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ 2013ರಲ್ಲಿ ಆರಂಭವಾದಾಗ ಅದರ ಜನಪ್ರಿಯ ಪಾತ್ರಗಳಲ್ಲಿ ಒಂದು ಕುಡಿದು ತೂರಾಡುವ ಅಜ್ಜಿ. ಆಮೇಲೆ ಬಂದ ‘ದಿ ಕಪಿಲ್ ಶರ್ಮಾ ಶೋ’ದ ಒಂದು ಕಂತಿನಲ್ಲಿ ನ್ಯಾಯಾಲಯದ ದೃಶ್ಯ ಹಾಕಿ, ಅಲ್ಲಿ ಕುಡಿಯುವಂತೆ ತೋರಿಸಿದರೆಂದು 2021ರಲ್ಲಿ ಮಧ್ಯಪ್ರದೇಶದ ಶಿವಪುರಿಯ ವಕೀಲರೊಬ್ಬರು ದೂರು ಕೊಟ್ಟರು. ಅವರ ವಾದ: ಇದರಿಂದ ನ್ಯಾಯಾಲಯಕ್ಕೆ ಅವಮಾನವಾಯಿತು. ಇರಬಹುದು. ನ್ಯಾಯಾಲಯದ ಮಾನ ಕಾಯಲು ವಕೀಲರಿದ್ದಾರೆ. ಮನೆಯ ಮಾನ ಕಾಯುವವರು ಯಾರು? ಕುಡುಕನ ಹೆಂಡತಿಯನ್ನು ಗಯ್ಯಾಳಿಯೆಂದು, ಲಟ್ಟಣಿಗೆ ಹಿಡಿದ ರಾಕ್ಷಸಿಯೆಂದು ತೋರಿಸಿ ನಗಿಸಿದಾಗ ಅವಳ ಪರವಾಗಿ ದೂರು ಕೊಟ್ಟವರು ಯಾರಾದರೂ ಉಂಟೇ? ನಮ್ಮ ಸಭಾಗೃಹದ ಹತ್ತನೆಯ ಸಾಲಿನಲ್ಲಿ ನಗದೆ ಕುಳಿತ ಒಬ್ಬ ತಾಯಿ ಇರುತ್ತಾಳೆ. ಪಕ್ಕದವರು ನೋಡಿಯಾರೆಂಬ ಭಯಕ್ಕೆ ಸ್ವಲ್ಪ ಹೊತ್ತಿನ ಮೇಲೆ ಅವಳೂ ನಗುತ್ತಾಳೆ. ಆ ನಗುವನ್ನು ಅವಳಿಂದ ಬಲವಂತವಾಗಿ ಕಿತ್ತುಕೊಂಡವರು ನಾವು.

ಹತ್ತನೆಯ ಸಾಲಿನಲ್ಲಿ ಇಂಥವಳು ಇರುತ್ತಾಳೆಂದು ಹೇಗೆ ಹೇಳುತ್ತೀರಿ ಎಂದರೆ, ಲೆಕ್ಕ ಹೇಳುತ್ತದೆ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಪಾನ ಮಾಡುವವರು ಸುಮಾರು 16 ಕೋಟಿ. ಅವರಲ್ಲಿ ಕುಡಿತವೇ ಕಾಯಿಲೆಯಾಗಿ ನೆರವು ಬೇಕಾದವರು 5 ಕೋಟಿ 70 ಲಕ್ಷದಷ್ಟು. ಅಂದರೆ ಕುಡಿಯುವ ಮೂವರಲ್ಲಿ ಒಬ್ಬನ ಮನೆಯಲ್ಲಿ ಕಣ್ಣೀರಿದೆ. ನಮ್ಮ ಸಭಾಗೃಹ ಈ ಲೆಕ್ಕದ ಹೊರಗೆ ಇದೆಯೆಂದು ಯಾರೂ ಎದೆ ತಟ್ಟಿ ಹೇಳಲಾರರು.

2015ರ ಜೂನಿನಲ್ಲಿ ಮಲಾಡಿನ ಮಾಲವಣಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ದಿನಗೂಲಿಯವರು. ಅದರಲ್ಲಿದ್ದ ಮೆಥನಾಲ್ ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ತಡವರಿಸುತ್ತದೆ. ನೋಡುವವರಿಗೆ ಅದೂ ಮಾಮೂಲಿ ಕುಡುಕನ ತೂರಾಟವಾಗಿಯೇ ಕಾಣುತ್ತದೆ! ‘ಏರಿದೆ, ಮಲಗಿದರೆ ಇಳಿಯುತ್ತದೆ’ ಎಂದು ಮಲಗಿಸಿಬಿಡುತ್ತಾರೆ. ಆಸ್ಪತ್ರೆಗೆ ಒಯ್ಯಬೇಕಾದ ಹೊತ್ತು ಅಲ್ಲಿ ಕಳೆದುಹೋಗುತ್ತದೆ. ತೂರಾಡುವವನನ್ನು ಕಂಡು ನಗುವುದನ್ನಷ್ಟೇ ಕಲಿತವರಿಗೆ ಅವನು ಸಾಯುತ್ತಿದ್ದಾನೆಂದು ಗೊತ್ತಾಗುವುದಾದರೂ ಹೇಗೆ? 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹೀಗೆಯೇ ಸತ್ತದ್ದನ್ನು ನಮ್ಮ ಹಿರಿಯರು ಮರೆತಿರಲಾರರು.

ಮಕ್ಕಳ ಕಾಲಕ್ಕೆ ಬಂದರೆ ಅಮಲಿನ ಹೆಸರುಗಳೇ ತಮಾಷೆಯಾಗಿವೆ. ಮೆಫೆಡ್ರೋನ್ ಎಂಬ ವಿಷದ ಪುಡಿಗೆ ಈ ನಗರದ ಹುಡುಗರು ಇಟ್ಟುಕೊಂಡ ಹೆಸರು ‘ಎಂ.ಡಿ.’, ‘ಮ್ಯಾಂವ್ ಮ್ಯಾಂವ್’. ಬೆಕ್ಕಿನ ಮರಿಯ ಹೆಸರು! 2015ರ ಫೆಬ್ರುವರಿಯವರೆಗೆ ಅದು ಮಾದಕ ದ್ರವ್ಯಗಳ 1985ರ ಕಾನೂನಿನ ಪಟ್ಟಿಯಲ್ಲೇ ಇರಲಿಲ್ಲ. ಕಾನೂನು ಹಿಂದೆ ಬಿದ್ದರೂ ತಮಾಷೆ ಮುಂದೆ ಓಡುತ್ತದೆ. ನಗು ಬರಿಸುವ ವಸ್ತುವಿಗೆ ಯಾವ ಮಗು ಹೆದರೀತು?

ಈಗ ಕಹಿಯಾದ ಮಾತಿಗೆ ಬರುತ್ತೇನೆ. ಮುಂಬಯಿಯ ಕನ್ನಡಿಗರಲ್ಲಿ ಅನೇಕರ ಹೊಟ್ಟೆಪಾಡು ಹೋಟೆಲು. ಆ ಹೋಟೆಲುಗಳಲ್ಲಿ ಅನೇಕವು ಕಾಲಕ್ರಮದಲ್ಲಿ ಬಾರುಗಳಾದವು. 1949ರ ಪಾನನಿರೋಧ ಕಾನೂನಿನಿಂದ ಹುಟ್ಟಿದ ‘ಪರ್ಮಿಟ್ ರೂಮ್’ ಎಂಬ ಮಾತು ಇಂದಿಗೂ ನಮ್ಮವರ ಬೋರ್ಡಿನ ಮೇಲಿದೆ. ಪರವಾನಿಗೆ ಪಡೆದು, ತೆರಿಗೆ ಕಟ್ಟಿ ನಡೆಸುವ ವ್ಯಾಪಾರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಸಭಾಗೃಹಗಳ ಇಟ್ಟಿಗೆಯಲ್ಲಿ, ವಿದ್ಯಾರ್ಥಿವೇತನಗಳಲ್ಲಿ ಆ ದುಡಿಮೆಯ ಪಾಲಿದೆ. ‘ದಾನಿಗಳಿಗೆ ಬೇಸರವಾದೀತು’ ಎಂದು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುವ ಪದಾಧಿಕಾರಿಗಳಿಗೆ ಒಂದೇ ಪ್ರಶ್ನೆ. ಗಲ್ಲಾದ ಹಿಂದೆ ಕುಳಿತ ಯಾವ ಮಾಲಕರಾದರೂ ಕುಡಿಯುವವನನ್ನು ತಮ್ಮ ಗಲ್ಲಾಕ್ಕೆ ಕೂರಿಸಿದ್ದುಂಟೇ? ಕುಡಿಯುವ ಹುಡುಗನಿಗೆ ಮಗಳನ್ನು ಕೊಟ್ಟದ್ದುಂಟೇ? ಕುಡಿತ ಏನು ಮಾಡುತ್ತದೆಂದು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಅವರ ಹೆಸರು ಹೇಳಿ ನಾವು ನಮ್ಮ ಸೋಮಾರಿತನವನ್ನು ಮುಚ್ಚಿಕೊಳ್ಳುತ್ತಿದ್ದೇವೆ.

ಕಳ್ಳು ಇಳಿಸುವುದೇ ಕುಲಕಸುಬಾಗಿದ್ದ ಸಮಾಜದ ಮುಂದೆ ನಿಂತು, ಮದ್ಯ ವಿಷವೆಂದೂ, ಅದನ್ನು ಮಾಡಬಾರದು, ಮಾರಬಾರದು, ಕುಡಿಯಬಾರದು ಎಂದೂ ಬ್ರಹ್ಮಶ್ರೀ ನಾರಾಯಣ ಗುರುಗಳು ಬೋಧಿಸಿದರು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರೂ ಅವರೇ. ಹೊಟ್ಟೆಪಾಡಿನ ಮಾತೆಂದು ಅವರು ಹಿಂಜರಿಯಲಿಲ್ಲ. ಜನರೂ ಅವರನ್ನು ದೂರ ಮಾಡಲಿಲ್ಲ, ಗುರುವೆಂದು ಪೂಜಿಸಿದರು. ನಮ್ಮ ಹಿಂದಿನವರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ಕೋಟೆ ಪ್ರದೇಶದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಕೈಯಲ್ಲಿ ನಾಲ್ಕು ಕಾಸು, ಕಣ್ಣೆದುರು ಮಾಯಾನಗರಿ, ಕೇಳುವವರು ಯಾರೂ ಇಲ್ಲ: ಆ ವಯಸ್ಸಿನ ಹುಡುಗನನ್ನು ಗಡಂಗಿಗೆ ಬಿಡದೆ ಪುಸ್ತಕದ ಮುಂದೆ ಕೂರಿಸಿದ್ದು ಆ ಶಾಲೆಗಳ ದೊಡ್ಡ ಉಪಕಾರ. ಅಂಥವರ ವಾರಸುದಾರರಾದ ನಾವು ಅದೇ ಪ್ರಾಯದ ಮಕ್ಕಳ ಮುಂದೆ ಕುಡುಕನನ್ನು ನಾಯಕನನ್ನಾಗಿ ನಿಲ್ಲಿಸುತ್ತಿದ್ದೇವೆ.

‘ಹಾಸ್ಯ ಬೇಡವೇ ಹಾಗಾದರೆ?’ ಖಂಡಿತ ಬೇಕು. ಮರಾಠಿಯ ಪು. ಲ. ದೇಶಪಾಂಡೆಯವರನ್ನು ನೋಡಿ. ಮುಂಬಯಿಯಲ್ಲಿ ಹುಟ್ಟಿ, ಒಂದಷ್ಟು ಕಾಲ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದವರು; ನೆಹರೂ ಅವರನ್ನು ದೂರದರ್ಶನಕ್ಕಾಗಿ ಸಂದರ್ಶಿಸಿದವರು. ಚಾಳಿನ ಬಡ ಮಧ್ಯಮವರ್ಗದವರ ಉಪವಾಸ, ಪ್ರವಾಸಗಳಿಂದಲೇ ‘ಬಟಾಟ್ಯಾಚಿ ಚಾಳ’ದಲ್ಲಿ ನಗುವಿನ ಹೊಳೆ ಹರಿಸಿದರು. ಎಂಬತ್ತರ ದಶಕದಲ್ಲಿ ಬ್ರೌನ್ ಶುಗರ್ ಎಂಬ ‘ಗರ್ದ’ ಈ ನಗರದ, ಪುಣೆಯ ಹುಡುಗರನ್ನು ಹುಳದಂತೆ ತಿನ್ನತೊಡಗಿತು. ಬೀದಿಯವರು ಆ ಹುಡುಗರಿಗೆ ‘ಗರ್ದುಲ್ಲ’ ಎಂದು ಹೆಸರಿಟ್ಟು ಗೇಲಿ ಮಾಡಿದರು. ಅನಿಲ ಅವಚಟರು ಅವರ ಬಗ್ಗೆ ಬರೆದ ಲೇಖನಗಳನ್ನು ಓದಿದ ಪು. ಲ. ಗೇಲಿಗೆ ಕೈಹಾಕಲಿಲ್ಲ, ಜೇಬಿಗೆ ಕೈಹಾಕಿದರು. ಪು. ಲ. ಮತ್ತು ಸುನೀತಾಬಾಯಿಯವರ ದೇಣಿಗೆಯ ಬಲದಿಂದ ಡಾ. ಸುನಂದಾ ಮತ್ತು ಅನಿಲ ಅವಚಟ ದಂಪತಿ 1986ರಲ್ಲಿ ಪುಣೆಯಲ್ಲಿ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರ ತೆರೆದರು. ಇತ್ತ ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ 1981ರಲ್ಲೇ ‘ಕೃಪಾ’ ಸಂಸ್ಥೆ ಕಟ್ಟಿದ್ದರು. ನಾಡನ್ನೇ ನಗಿಸಿದವರಿಗೆ ಯಾವುದನ್ನು ನೋಡಿ ನಗಬಾರದೆಂಬುದೂ ಗೊತ್ತಿತ್ತು. ಅದು ಗೊತ್ತಿಲ್ಲದವನು ವಿದೂಷಕನಾದಾನು, ಹಾಸ್ಯಗಾರನಾಗಲಾರ.

ಬರೀ ಟೀಕಿಸಿ ಕೈತೊಳೆದುಕೊಳ್ಳುವುದು ಸುಲಭ. ಆದ್ದರಿಂದ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳ ಮುಂದೆ ಮೂರು ಬೇಡಿಕೆ ಇಡುತ್ತೇನೆ.

ಮೊದಲನೆಯದು: ಪ್ರಹಸನ ಸ್ಪರ್ಧೆಗಳಲ್ಲಿ ಕುಡುಕನ ಪಾತ್ರವನ್ನು ನಿಷೇಧಿಸುವುದು ಬೇಡ. ಆದರೆ ಅವನು ಬರುವುದಾದರೆ ಮನೆಗೂ ಹೋಗಬೇಕು. ಬಾಗಿಲು ತೆರೆಯುವವಳಿಗೂ ಮಾತು ಇರಬೇಕು. ಬರೀ ತೂರಾಟಕ್ಕೆ ತೀರ್ಪುಗಾರರು ಒಂದು ಅಂಕವನ್ನೂ ಕೊಡಬಾರದು. ಆಗ ನೋಡಿ, ನಮ್ಮ ಬರಹಗಾರರ ಹಾಸ್ಯಪ್ರಜ್ಞೆ ಎಷ್ಟಿದೆಯೆಂದು ತಿಳಿಯುತ್ತದೆ.

ಎರಡನೆಯದು: ಮಕ್ಕಳ ಕಾರ್ಯಕ್ರಮಗಳ ನಡುವೆ ಹೊತ್ತು ಕಳೆಯಲೆಂದು ಪರದೆಯ ಮೇಲೆ ಹಾಕುವ ನಗೆ ಸಂಕಲನಗಳನ್ನು ಪದಾಧಿಕಾರಿಯೊಬ್ಬರು ಮುಂಚಿತವಾಗಿ ನೋಡಿ ಒಪ್ಪಬೇಕು. ಅಡುಗೆಯವರು ಮಾಡಿದ ಸಾರನ್ನು ರುಚಿ ನೋಡಿಯೇ ಬಡಿಸುವ ನಾವು ಇದನ್ನು ನೋಡದೆ ಬಡಿಸುವುದೇಕೆ?

ಮೂರನೆಯದು: ತಿಂಗಳಿಗೊಂದು ಸಂಜೆ ಸಂಘದ ಒಂದು ಕೊಠಡಿಯನ್ನು ಕುಡಿತ ಬಿಡಬೇಕೆನ್ನುವವರಿಗೂ ಅವರ ಮನೆಯವರಿಗೂ ಬಿಟ್ಟುಕೊಡಬೇಕು. ಹೆಸರು ಕೇಳಬಾರದು, ಊರು ಕೇಳಬಾರದು; ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ತಮ್ಮ ಸಂಕಟ ಹೇಳಿಕೊಳ್ಳಲು ಒಂದು ಬಾಗಿಲು ತೆರೆದಿರಬೇಕು. ನೋಟೀಸು ಬೋರ್ಡಿನಲ್ಲಿ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಬರೆದಿರಬೇಕು. ಮಾದಕ ದ್ರವ್ಯದ ಚಟ ಹತ್ತಿದ ಮಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸರು ಹಿಡಿದಾರೆಂದು ಹೆದರಿ ಬಾಗಿಲು ಹಾಕಿಕೊಳ್ಳುವ ತಂದೆತಾಯಿಗಳಿದ್ದಾರೆ. 1985ರ ಅದೇ ಕಾನೂನಿನ 64-ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರಕ್ಕೆ ಹೋಗಿ ಚಿಕಿತ್ಸೆಯನ್ನು ಪೂರ್ಣವಾಗಿ ಪಡೆದರೆ ಅವನ ಮೇಲೆ ಖಟ್ಲೆ ನಡೆಸದಂತೆ ರಕ್ಷಣೆ ಕೊಡುತ್ತದೆ. ಈ ಎರಡು ಸಾಲನ್ನು ಕನ್ನಡದಲ್ಲಿ ಬರೆದು ಹಚ್ಚಲು ಯಾವ ಅನುದಾನವೂ ಬೇಕಾಗಿಲ್ಲ.

ಊರು ಬಿಟ್ಟು ಬಂದ ನಮಗೆ ನಗು ಅಗತ್ಯ. ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣ ಮಾಡಿ, ಒಂದು ಖೋಲಿಯಲ್ಲಿ ಐದು ಮಂದಿ ಬದುಕಿ, ವಾರಕ್ಕೊಮ್ಮೆ ಕನ್ನಡ ಕೇಳಲು ಬರುವವರಿಗೆ ಎರಡು ಗಂಟೆ ಮನಸಾರೆ ನಗುವ ಹಕ್ಕಿದೆ. ಆ ಹಕ್ಕು ಹತ್ತನೆಯ ಸಾಲಿನ ಆ ತಾಯಿಗೂ ಇದೆಯೆಂಬುದಷ್ಟೇ ನನ್ನ ವಾದ. ಮುಂದಿನ ವಾರ್ಷಿಕೋತ್ಸವದ ತಾಲೀಮು ಶುರುವಾಗುವ ಮೊದಲು ಸಮಿತಿಗಳು ಈ ಮೂರು ಬೇಡಿಕೆಗಳಿಗೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಲಿ. ‘ನೋಡೋಣ’ ಎಂಬ ಉತ್ತರ ಮಾತ್ರ ಬೇಡ. ಅದನ್ನು ಕುಡುಕರ ಮನೆಯವರು ಸಾಕಷ್ಟು ಕೇಳಿದ್ದಾರೆ.